ಕಂದು ಲೋಳೆಯ ಮೂರು ಚೀಟಿ

ಉಪ್ಪಕ್ಕನಿಗೆ ಆ ಹೆಸರು ಬಿದ್ದದ್ದು ಬಕೆಟ್ಟಿನಿಂದ. ವಾರಕ್ಕೆರಡು ಸಲ ಕೈಯಲ್ಲಿ ಸಮುದ್ರದ ಉಪ್ಪಿನ ಬಕೆಟ್ಟು, ಹೆಗಲ ಮೇಲೆ ಸುರುಳಿ ಸುತ್ತಿದ ಪೈಪು, ಬಾಯಲ್ಲಿ ಯಾರಿಗೋ ಬೈಗುಳ, ಹೀಗೆ ರಕ್ತ ಪರೀಕ್ಷೆಯ ಲ್ಯಾಬಿನೊಳಗೆ ಬರುವ ಹೆಂಗಸನ್ನು ಜನ ಇನ್ನೇನೆಂದು ಕರೆಯಬೇಕು? ವಯಸ್ಸು ನಲವತ್ತೆಂಟು. ಸೊಂಟನೋವು ಐದು ವರ್ಷದ್ದು. ಬಾಯಿ ಮಾತ್ರ ಹುಟ್ಟಿದಾಗಿನಿಂದಲೇ ಜೋರು.

ಲ್ಯಾಬಿನ ಕಾಯುವ ಕೋಣೆಯಲ್ಲಿ ಗೋಡೆಯುದ್ದಕ್ಕೂ ಆರಡಿಯ ಉಪ್ಪುನೀರಿನ ಟ್ಯಾಂಕ್ ಇತ್ತು. ಬೆಳಿಗ್ಗೆ ಏಳಕ್ಕೇ ಖಾಲಿ ಹೊಟ್ಟೆಯಲ್ಲಿ ಬಂದು ಕೂತವರು, ಸೂಜಿ ಚುಚ್ಚಿಸಿಕೊಂಡು ಮೊಣಕೈ ಮಡಚಿ ಹತ್ತಿ ಒತ್ತಿಕೊಂಡವರು, ರಿಪೋರ್ಟಿನಲ್ಲಿ ಏನು ಬರುತ್ತದೋ ಎಂದು ಎದೆ ಹಿಡಿದುಕೊಂಡವರು, ಎಲ್ಲರೂ ಅದನ್ನೇ ನೋಡುತ್ತಿದ್ದರು. ಅದು ಬಿಟ್ಟರೆ ಅಲ್ಲಿ ನೋಡಲು ಇದ್ದದ್ದು ಮೂತ್ರಪಿಂಡದ ಒಂದು ದೊಡ್ಡ ಚಿತ್ರ. ಟ್ಯಾಂಕಿನೊಳಗೆ ಬಿಳಿ ಮರಳು, ಮಧ್ಯೆ ಬಂಡೆ, ಬಂಡೆಯ ನೆತ್ತಿಯ ಮೇಲೆ ಬೆರಳು ಚಾಚಿ ಆಡುವ ಕಡಲಹೂವು, ಆ ಹೂವಿನಲ್ಲಿ ಸಂಸಾರ ಹೂಡಿದ ಕಿತ್ತಳೆ ಬಣ್ಣದ ಮೀನಿನ ಜೋಡಿ. ಆ ಜಾತಿಯಲ್ಲಿ ಹೆಣ್ಣೇ ದೊಡ್ಡದು, ಯಜಮಾನಿಕೆಯೂ ಹೆಣ್ಣಿನದೇ. ಅದಕ್ಕೆ ಉಪ್ಪಕ್ಕ ‘ದೊಡ್ಡಮ್ಮ’ ಎಂದು ಹೆಸರಿಟ್ಟಿದ್ದಳು. ಗಂಡಿಗೆ ಹೆಸರಿಲ್ಲವಾ ಎಂದು ಯಾರಾದರೂ ಕೇಳಿದರೆ, “ಅವನು ದೊಡ್ಡಮ್ಮನ ಗಂಡ. ಅಷ್ಟು ಸಾಲದಾ?” ಎನ್ನುತ್ತಿದ್ದಳು. ಇನ್ನು ಒಂದು ಕೆಂಪು ಪಟ್ಟೆಯ ಸೀಗಡಿ. ಉಪ್ಪಕ್ಕ ನೀರಿಗೆ ಕೈಯಿಟ್ಟ ಕೂಡಲೇ ಅದು ಓಡಿ ಬಂದು ಅವಳ ಉಗುರಿನ ಸಂದಿಯನ್ನೆಲ್ಲ ಕೆದಕಿ ಶುಚಿ ಮಾಡಿ ಕಳಿಸುತ್ತಿತ್ತು.

ಈ ವಿದ್ಯೆಯನ್ನು ಅವಳಿಗೆ ಕಲಿಸಿದವನು ಅಣ್ಣ. ಅವಳಿಗಿಂತ ಹನ್ನೊಂದು ವರ್ಷ ದೊಡ್ಡವನು. ಅಪ್ಪ ತೀರಿಕೊಂಡ ಮೇಲೆ ಅಪ್ಪನೂ ಅವನೇ, ಮೇಷ್ಟ್ರೂ ಅವನೇ. ಲ್ಯಾಬಿನಿಂದ ಬಸ್ಸಿನಲ್ಲಿ ಮೂರು ಸ್ಟಾಪು ದಾಟಿದರೆ ಅವನ ಮೀನಿನ ಅಂಗಡಿ. ಇಪ್ಪತ್ತು ವರ್ಷ ಉಪ್ಪಕ್ಕ ಅಲ್ಲೇ ಕೌಂಟರಿನ ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ಕೂತು ಮೀನು ಸಾಕಿದಳು, ಮಾರಿದಳು, ಸತ್ತಾಗ ಅತ್ತಳು.

ಅಣ್ಣನಿಗೆ ಒಂದು ಅಭ್ಯಾಸ. ಯಾರೇ ಆಗಲಿ ಕೆಟ್ಟ ನೀರನ್ನು ಬಾಟಲಿಯಲ್ಲಿ ತಂದು ತೋರಿಸಿದರೆ, ಒಂದು ಹನಿಯನ್ನು ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡುವನು. ನೋಡಿದ್ದನ್ನು ಅಂಗೈಯಗಲದ ಚೀಟಿಯಲ್ಲಿ ತಾರೀಖಿನ ಸಮೇತ ಬರೆದು ಒಂದು ಚಪ್ಪಲಿ ಡಬ್ಬಕ್ಕೆ ಹಾಕುವನು. “ಬಾಯಿ ಸುಳ್ಳು ಹೇಳಬಹುದು ಕಣೇ,” ಎನ್ನುತ್ತಿದ್ದ. “ಗಿರಾಕಿ ಹೆದರ್ತಾನೆ ಅಂತ ಏನೋ ಒಂದು ಹೇಳಿ ಕಳಿಸ್ತೀವಿ. ಆದ್ರೆ ಚೀಟಿ ಸುಳ್ಳು ಹೇಳಬಾರದು. ಕಂಡದ್ದನ್ನ ಕಂಡ ಹಾಗೆ ಬರೀಬೇಕು. ನಾಳೆ ಅದನ್ನ ಓದೋರು ನಾವೇ ತಾನೆ?”

ಐದು ವರ್ಷದ ಹಿಂದೆ ಲ್ಯಾಬಿನ ಡಾಕ್ಟರು ಅಂಗಡಿಗೆ ಬಂದು, ಉಪ್ಪುನೀರಿನ ಟ್ಯಾಂಕ್ ಇಟ್ಟು ನೋಡಿಕೊಳ್ಳುವವರು ಬೇಕು ಅಂದರು. ನಾವು ಮಾರುವವರು, ನೋಡಿಕೊಳ್ಳುವವರಲ್ಲ ಎಂದ ಅಣ್ಣ. ನಾನು ನೋಡಿಕೊಳ್ಳುತ್ತೇನೆ ಎಂದುಬಿಟ್ಟಳು ತಂಗಿ. ಬಾಯಿ ಜೋರು ಎಂದೆನಲ್ಲ. ಅಣ್ಣ ಅವಳ ಮುಖ ನೋಡಿ, “ಹೋಗು,” ಎಂದ. ಅಷ್ಟೇ. ಬೈಯಲಿಲ್ಲ, ತಡೆಯಲಿಲ್ಲ. ಲ್ಯಾಬಿನ ಟ್ಯಾಂಕ್ ನೋಡಿದವರು ತಮ್ಮ ಮನೆಗೂ ಕರೆದರು, ಒಂದೆರಡು ಕಚೇರಿಯವರೂ ಕರೆದರು. ಹೀಗೆ ನಲವತ್ತಮೂರನೇ ವಯಸ್ಸಿನಲ್ಲಿ ಉಪ್ಪಕ್ಕ ಮೊದಲ ಸಲ ತನ್ನ ಕಾಲ ಮೇಲೆ ತಾನು ನಿಂತಳು. ಅದೆಲ್ಲಕ್ಕೂ ಬುಡ ಈ ಆರಡಿಯ ಟ್ಯಾಂಕು. ಇದು ಹೋದರೆ ಮಿಕ್ಕದ್ದೂ ಹೋಗುತ್ತದೆ. ತನ್ನ ಟ್ಯಾಂಕನ್ನೇ ಉಳಿಸಿಕೊಳ್ಳಲಾರದವಳ ಕೈಗೆ ಮೀನು ಕೊಡುವವರು ಯಾರು?

ಅಂಥ ಟ್ಯಾಂಕಿನ ಮರಳಿನ ಮೇಲೆ ಒಂದು ದಿನ ಕಂದು ಲೋಳೆ ಕಾಣಿಸಿಕೊಂಡಿತು.

ಮೊದಲ ವಾರ ಅದು ಟೀ ಚೆಲ್ಲಿ ಒಣಗಿದಷ್ಟೇ ಇತ್ತು. ಉಪ್ಪಕ್ಕ ಸ್ವಲ್ಪವನ್ನು ಬಾಟಲಿಗೆ ತುಂಬಿಕೊಂಡು ಅಣ್ಣನ ಹತ್ತಿರ ಹೋದಳು. ಅಣ್ಣ ಮೈಕ್ರೋಸ್ಕೋಪಿನ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ಚೀಟಿ ಬರೆದ, ಡಬ್ಬಕ್ಕೆ ಹಾಕಿದ. “ಡಯಾಟಮ್,” ಎಂದ. “ಬರೀ ಕಂದು ಪಾಚಿ. ನೀರು ಕೊಳೆಯಾಗಿದೆ. ವಾರ ವಾರ ಮೂರರಲ್ಲಿ ಒಂದು ಪಾಲು ನೀರು ಬದಲಿಸು, ಮೀನಿಗೆ ಊಟ ಕಡಿಮೆ ಮಾಡು. ತಾನೇ ಹೋಗುತ್ತೆ.”

ಡಯಾಟಮ್ ಎಂದರೆ ಅವಳಿಗೆ ಗೊತ್ತು. ಗಾಜಿನ ಚಿಪ್ಪಿನೊಳಗಿರುವ ಬಡಪಾಯಿ ಪಾಚಿ, ಹೊಸ ಟ್ಯಾಂಕಿಗೆಲ್ಲ ಬಂದು ಹೋಗುವ ನೆಗಡಿಯಂಥದ್ದು. ಐದು ವರ್ಷದ ಹಳೆಯ ಟ್ಯಾಂಕಿಗೆ ಈಗ್ಯಾಕೆ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಅಣ್ಣ ಹೇಳಿದ ಮೇಲೆ ಮುಗಿಯಿತು. ಅವನು ನೋಡಿ ಹೇಳಿದ್ದನ್ನು ಅವಳು ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಮರುಪ್ರಶ್ನೆ ಮಾಡಿದವಳಲ್ಲ.

ನೀರು ಬದಲಿಸಿದಳು. ಹಿಂಬದಿಯ ನಲ್ಲಿಯಿಂದ ಫಿಲ್ಟರಿಗೆ, ಫಿಲ್ಟರಿನಿಂದ ಬಕೆಟ್ಟಿಗೆ, ಬಕೆಟ್ಟಿಗೆ ಉಪ್ಪು ಬೆರೆಸಿ ಟ್ಯಾಂಕಿಗೆ. ಪ್ರತಿ ಸಲಕ್ಕೆ ಹನ್ನೆರಡು ಬಕೆಟ್ಟು. ಸೊಂಟ ಕಿತ್ತು ಬಂತು. ಲೋಳೆ ಮಾತ್ರ ಜಾಸ್ತಿಯಾಯಿತು. ಮರಳು ಮುಚ್ಚಿ, ಬಂಡೆಗೆ ಹತ್ತಿ, ಮೂಗಿನ ಸಿಂಬಳದ ಹಾಗೆ ಎಳೆ ಎಳೆಯಾಗಿ ಜೋತುಬಿತ್ತು. ಎಳೆಯ ತುದಿಗೆಲ್ಲ ಗಾಳಿಯ ಗುಳ್ಳೆ. ಗಾಜು ನೆಕ್ಕಿ ಬದುಕುವ ಬಸವನಹುಳುಗಳು ಒಂದೊಂದಾಗಿ ಅಂಗಾತ ಬಿದ್ದವು. ಮತ್ತೆ ಬಾಟಲಿ ಹಿಡಿದು ಹೋದಳು. ಅಣ್ಣ ಮತ್ತೆ ನೋಡಿದ, ಮತ್ತೆ ಬರೆದ. “ನೀನು ಸರಿಯಾಗಿ ತೊಳೀತಿಲ್ಲ,” ಎಂದ. “ಇನ್ನೂ ಜಾಸ್ತಿ ಬದಲಿಸು.”

ಎಂಟನೇ ವಾರ ಸೀಗಡಿ ಸತ್ತಿತು. ಉಪ್ಪಕ್ಕ ನೀರಿಗೆ ಕೈಯಿಟ್ಟು ಕಾದಳು, ಕಾದಳು, ಅದು ಬರಲಿಲ್ಲ. ಬಂಡೆಯ ಹಿಂದೆ ಮಗ್ಗುಲಾಗಿ ಬಿದ್ದಿತ್ತು. ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಇನ್ನೊಂದು ಬಾಟಲಿ ನೀರಿನ ಜೊತೆ ಅಣ್ಣನ ಮುಂದಿಟ್ಟಳು. ಅಣ್ಣ ನೀರು ನೋಡಿದ, ತಲೆ ಎತ್ತದೆಯೇ ಚೀಟಿ ಬರೆದ. “ವಯಸ್ಸಾಗಿತ್ತು ಬಿಡು,” ಎಂದ. ಅತ್ತಿಗೆ ಒಳಗಿನಿಂದ ನೀರು ತಂದುಕೊಟ್ಟು ಬೆನ್ನು ಸವರಿದರು.

ಅಷ್ಟರಲ್ಲಿ ಕಾಯುವ ಕೋಣೆಯವರು ಮೂಗು ಮುರಿಯಲು ಶುರು ಮಾಡಿದ್ದರು. “ರಕ್ತ ಪರೀಕ್ಷೆ ಮಾಡೋರ ನೀರೇ ಹೀಗಿದ್ರೆ...” ಎಂದು ಯಾರೋ ಅಂದದ್ದು ಡಾಕ್ಟರ ಕಿವಿಗೂ ಬಿತ್ತು. ಡಾಕ್ಟರು ಕೆಟ್ಟವರಲ್ಲ. ಆದರೂ ಹೇಳಬೇಕಾದ್ದನ್ನು ಹೇಳಿದರು: “ಈ ತಿಂಗಳ ಕೊನೆವರೆಗೆ ನೋಡೋಣ. ಸರಿ ಹೋಗ್ಲಿಲ್ಲ ಅಂದ್ರೆ ತೆಗೆಸಿಬಿಡ್ತೀನಿ. ಗೋಡೆಗೆ ಟೀವಿ ಹಾಕಿಸ್ತೀನಿ.”

ಉಪ್ಪಕ್ಕ ಅದನ್ನು ಅಣ್ಣನಿಗೆ ಹೇಳಿ ಅತ್ತಳು. ಅಣ್ಣ ಅಂದು ಎಷ್ಟು ಮೆತ್ತಗೆ ಮಾತಾಡಿದ! “ಅಳಬೇಡ. ಎಲ್ಲರ ಕೈಲೂ ಎಲ್ಲ ಆಗಲ್ಲ. ಶನಿವಾರ ವ್ಯಾನು ತರ್ತೀನಿ, ದೊಡ್ಡಮ್ಮನ್ನ, ಅದರ ಗಂಡನ್ನ, ಹೂವನ್ನ ಎಲ್ಲ ಅಂಗಡಿಗೆ ತಂದಿಟ್ಕೊಳ್ಳೋಣ. ನೀನೂ ಬಂದುಬಿಡು. ನಿನ್ನ ಕುರ್ಚಿ ಹಾಗೇ ಇದೆ.” ಅವಳು ಆ ಕೈಯನ್ನು ಹಿಡಿದು ಕಣ್ಣಿಗೊತ್ತಿಕೊಂಡಳು. ಇಂಥ ಅಣ್ಣನನ್ನು ಪಡೆಯಲು ಪುಣ್ಯ ಮಾಡಿರಬೇಕು ಎಂದುಕೊಂಡಳು. ಹೂಂ, ಪುಣ್ಯ!

ಅದು ಹದಿಮೂರನೇ ವಾರ. ಶುಕ್ರವಾರ ಬೆಳಿಗ್ಗೆ ಅವಳು ಕೊನೆಯ ಸಲ ಲೋಳೆ ಎಳೆದು ಬಾಟಲಿಗೆ ತುಂಬುತ್ತಿದ್ದಾಗ ಸೂಜಿಯಮ್ಮ ಬಂದು ಪಕ್ಕದಲ್ಲಿ ನಿಂತಳು. ಸೂಜಿಯಮ್ಮ ಎಂದರೆ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವವಳು. ದಿನಕ್ಕೆ ನೂರು ಜನರಿಗೆ ಚುಚ್ಚಿದರೂ ಒಬ್ಬರಿಂದಲೂ ಬೈಸಿಕೊಳ್ಳದ ಹಗುರ ಕೈ.

“ಅಕ್ಕಾ, ಒಂದು ಹನಿ ಕೊಡಿ. ಇದರ ಮುಖ ನಾನೂ ನೋಡ್ತೀನಿ.”

“ಏನು ನೋಡ್ತೀಯ, ನಮ್ಮಣ್ಣ ಮೂರು ಸಲ ನೋಡಿ ಆಗಿದೆ.”

“ನಿಮ್ಮಣ್ಣ ನೋಡಿದ್ರೆ ನಾನು ನೋಡಬಾರದು ಅಂತ ಇದ್ಯಾ?”

ಹಿತ್ತಲ ಗಿಡ ಮದ್ದಲ್ಲ ಅಂತಾರಲ್ಲ, ನೋಡಿ. ಆ ಟ್ಯಾಂಕಿನಿಂದ ಹದಿನೈದು ಹೆಜ್ಜೆ ದೂರದಲ್ಲಿ, ಒಂದು ಬಾಗಿಲಿನ ಆಚೆ, ಅಣ್ಣನದಕ್ಕಿಂತ ನಾಲ್ಕು ಪಟ್ಟು ಒಳ್ಳೆಯ ಮೈಕ್ರೋಸ್ಕೋಪು ಐದು ವರ್ಷದಿಂದ ಕೂತಿತ್ತು. ಉಪ್ಪಕ್ಕನಿಗೆ ಅದು ಒಮ್ಮೆಯೂ ನೆನಪಾಗಿರಲಿಲ್ಲ.

ಸೂಜಿಯಮ್ಮ ಕಣ್ಣಿಟ್ಟವಳೇ ನಕ್ಕಳು. “ಅಯ್ಯೋ, ಇವು ಓಡಾಡ್ತಾ ಇವೆಯಲ್ಲ ಅಕ್ಕಾ! ನಿಂತಲ್ಲೇ ಗಿರಗಿರ ಸುತ್ತುತ್ತಾ ಇವೆ.”

“ಸುತ್ತೋದಾ? ಸರಿ, ಆಚೆ ಹೋಗು.” ಉಪ್ಪಕ್ಕ ಅವಳನ್ನು ಹೆಚ್ಚೂಕಡಿಮೆ ತಳ್ಳಿಯೇಬಿಟ್ಟಳು. ಎಳ್ಳಿನ ಕಾಳಿನಂಥ ಕಂದು ಜೀವಗಳು, ಒಂದೊಂದೂ ತನ್ನ ಮೂತಿಯನ್ನೇ ಮೊಳೆ ಮಾಡಿಕೊಂಡು ಅದರ ಸುತ್ತ ತಿರುಗುತ್ತಿದ್ದವು. ಡಯಾಟಮ್ ಹೀಗೆ ತಿರುಗುವುದಿಲ್ಲ. ಹೀಗೆ ತಿರುಗುವುದು ಡೈನೋ, ಪಾಚಿಯ ವೇಷ ಹಾಕಿದ ವಿಷದ ಸೂಕ್ಷ್ಮಜೀವಿ.

ಅವಳು ಡೈನೋವನ್ನು ಒಮ್ಮೆ ಮಾತ್ರ ನೋಡಿದ್ದಳು, ಹತ್ತು ವರ್ಷದ ಹಿಂದೆ, ಅಣ್ಣನ ಅಂಗಡಿಯಲ್ಲೇ. ಆಗ ಅಣ್ಣ ಮಾಡಿದ್ದ ಪರೀಕ್ಷೆ ನೆನಪಿತ್ತು. ಲೋಳೆಯ ನೀರನ್ನು ಬಾಟಲಿಯಲ್ಲಿ ಚೆನ್ನಾಗಿ ಕುಲುಕಿ, ಸೋಸುವ ಕಾಗದದಲ್ಲಿ ಸೋಸಿ, ಕೆಳಗಿಳಿದ ತಿಳಿನೀರನ್ನು ಕಿಟಕಿಯ ಬೆಳಕಿನಲ್ಲಿಟ್ಟಳು. ಡಯಾಟಮ್ ಆದರೆ ನೀರು ನೀರಾಗಿಯೇ ಇರುತ್ತದೆ. ಒಂದು ಗಂಟೆಯಲ್ಲಿ ಆ ತಿಳಿನೀರಿನೊಳಗೆ ಕಂದು ಎಳೆಗಳು ಮತ್ತೆ ಒಂದಕ್ಕೊಂದು ಕೈ ಹಿಡಿದು ಹೆಣೆದುಕೊಂಡಿದ್ದವು. ಇನ್ನು ಅನುಮಾನವಿಲ್ಲ.

ಡೈನೋಗೆ ಮದ್ದು ಪೂರಾ ಉಲ್ಟಾ. ಅದು ಕೊಳೆ ನೀರಿನ ರೋಗವಲ್ಲ, ಅತಿ ಶುಚಿಯ ರೋಗ. ಮಾಮೂಲಿ ಪಾಚಿಗೂ ಹುಳಹುಪ್ಪಟೆಗೂ ತಿನ್ನಲು ಏನೂ ಸಿಗದೆ ಮನೆ ಖಾಲಿಯಾದಾಗ ಈ ಕಳ್ಳ ಒಳಗೆ ಬಂದು ಕೂರುತ್ತಾನೆ. ಹೊಸ ನೀರು ಹಾಕಿದಷ್ಟೂ ಅವನಿಗೆ ಹಬ್ಬ, ಮೀನಿನ ಊಟ ಕಡಿಮೆ ಮಾಡಿದಷ್ಟೂ ಅವನಿಗೆ ಜಾಗ. ನೀರು ಬದಲಿಸುವುದನ್ನು ನಿಲ್ಲಿಸಬೇಕು, ಮೀನಿಗೆ ಹೊಟ್ಟೆ ತುಂಬ ಹಾಕಬೇಕು, ಮೂರು ದಿನ ಟ್ಯಾಂಕಿಗೆ ಕಪ್ಪು ಬಟ್ಟೆ ಹೊದಿಸಿ ಕತ್ತಲು ಮಾಡಬೇಕು, ನೀರನ್ನು ಸೂಕ್ಷ್ಮಜೀವಿ ಕೊಲ್ಲುವ ನೇರಳೆ ದೀಪದ ಕೊಳವೆಯೊಳಗೆ ಹಾಯಿಸಬೇಕು. ಅಂದರೆ ಹದಿಮೂರು ವಾರ ಅವಳು ಬೆನ್ನು ಮುರಿದುಕೊಂಡು ಮಾಡಿದ ಒಂದೊಂದು ಕೆಲಸವೂ ರೋಗಕ್ಕೆ ಹಾಲೆರೆದಂತೆ ಆಗಿತ್ತು.

ಅಷ್ಟಾದರೂ ಆ ಹೆಣ್ಣಿಗೆ ಸಿಟ್ಟು ಬರಲಿಲ್ಲ ನೋಡಿ! ಖುಷಿಯಾಯಿತು. ಟ್ಯಾಂಕ್ ಬದುಕುತ್ತದೆ! ಅಣ್ಣನ ಮೇಲೆ ಕನಿಕರವೂ ಆಯಿತು. ಅರವತ್ತರ ಹತ್ತಿರ ಬಂದ, ಕಣ್ಣು ಮಂಜಾಗಿದೆ, ಹೇಳಿಕೊಳ್ಳಲು ಸಂಕೋಚ. ಗಿರಾಕಿಗಳ ಎದುರು ಹೇಳಬಾರದು, ಕನ್ನಡಕ ಬದಲಿಸು ಎಂದು ಒಳಗೆ ಕರೆದು ಹೇಳಬೇಕು ಎಂದೆಲ್ಲ ಲೆಕ್ಕ ಹಾಕುತ್ತಾ ಬಸ್ಸು ಹತ್ತಿದಳು.

ಅಂಗಡಿಯಲ್ಲಿ ಅತ್ತಿಗೆ ಒಬ್ಬರೇ ಇದ್ದರು. “ವ್ಯಾನು ಮಾತಾಡಕ್ಕೆ ಹೋಗಿದ್ದಾರೆ, ಕೂತ್ಕೋ, ಬರ್ತಾರೆ,” ಎಂದರು. ಉಪ್ಪಕ್ಕ ತನ್ನ ಹಳೆಯ ಕುರ್ಚಿಯಲ್ಲಿ ಕೂತಳು. ಕಾಲ ಬಳಿಯೇ ಚಪ್ಪಲಿ ಡಬ್ಬ. ಅಣ್ಣ ಬರುವುದರೊಳಗೆ ಆ ತಪ್ಪು ಚೀಟಿಗಳನ್ನು ತಾನೇ ತಿದ್ದಿಬಿಟ್ಟರೆ ಅವನಿಗೆ ಮುಜುಗರ ತಪ್ಪುತ್ತದೆ ಎನ್ನಿಸಿತು. ಪೆನ್ನು ತೆಗೆದುಕೊಂಡು ಡಬ್ಬ ಬಿಚ್ಚಿದಳು. ‘ತಂಗಿ, ಲ್ಯಾಬ್’ ಎಂದು ಮೇಲೆ ಬರೆದ ಮೂರು ಚೀಟಿ ಸಿಕ್ಕವು. ಅಣ್ಣನ ದುಂಡು ಅಕ್ಷರ.

ಮೊದಲನೆಯದು: ‘ಡೈನೋ. ನಿಂತಲ್ಲೇ ಸುತ್ತುತ್ತಿವೆ. ನೀರು ಬದಲಿಸಬಾರದು.’

ಎರಡನೆಯದು: ‘ಡೈನೋ. ಹತ್ತು ಪಟ್ಟು ಹೆಚ್ಚಿದೆ. ಬಸವನಹುಳು ಸಾಯುತ್ತಿವೆ.’

ಮೂರನೆಯದು: ‘ಡೈನೋ. ಸೀಗಡಿ ಸತ್ತದ್ದು ಇದರ ವಿಷದಿಂದ.’

ತಿದ್ದಲು ಏನೂ ಇರಲಿಲ್ಲ. ಒಂದಕ್ಷರವೂ ತಪ್ಪಿರಲಿಲ್ಲ. ತಂಗಿಯ ಮುಖ ನೋಡಿ ಸುಳ್ಳು ಹೇಳಿದವನಿಗೆ ಚೀಟಿಯಲ್ಲಿ ಸುಳ್ಳು ಬರೆಯಲು ಕೈ ಬಂದಿರಲಿಲ್ಲ.

“ಏನಾಯ್ತೇ? ಮುಖ ಯಾಕೆ ಹಾಗಾಯ್ತು?” ಅತ್ತಿಗೆ ಹತ್ತಿರ ಬಂದರು.

“ಏನಿಲ್ಲ ಅತ್ತಿಗೆ. ನಿಮಗೆ ಇದನ್ನ ಓದಕ್ಕೆ ಬರುತ್ತಾ?”

“ಅವರ ಚೀಟಿ ನನಗೇನು ಅರ್ಥ ಆಗುತ್ತೆ, ಮಾರಾಯ್ತಿ? ಆ ಡಬ್ಬ ಮುಟ್ಟಿದ್ರೆ ಬೈತಾರೆ.” ಆಮೇಲೆ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು, ಸುಮ್ಮನೆ ಮಾತಿಗೆ ಎಂಬಂತೆ ಹೇಳಿದರು: “ನೀನು ಹೋದ ಮೇಲೆ ಇದರಲ್ಲಿ ಯಾರನ್ನೂ ಕೂರಕ್ಕೆ ಬಿಟ್ಟಿಲ್ಲ ಅವರು. ನನ್ನನ್ನೂ.”

ಉಪ್ಪಕ್ಕ ಮೂರೂ ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. ಬಸ್ಸಿಗೆ ನಿಲ್ಲಲಿಲ್ಲ, ನಡೆದೇ ಹೋದಳು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು? ಬೇರೆ ಯಾರಾದರೂ ಮಾಡಿದ್ದರೆ ಬೀದಿಯಲ್ಲಿ ನಿಂತು ಬೈದು ಮರ್ಯಾದೆ ಕಳೆದು ಮನೆಗೆ ಬಂದು ಅಣ್ಣನಿಗೆ ಹೇಳಿಕೊಳ್ಳುತ್ತಿದ್ದಳು. ಈಗ ಅಣ್ಣನ ಮೇಲಿನ ದೂರನ್ನು ಹೇಳಿಕೊಳ್ಳಲು ಅವಳಿಗೆ ಇನ್ನೊಬ್ಬ ಅಣ್ಣನಿರಲಿಲ್ಲ.

ಲ್ಯಾಬಿಗೆ ಬಂದು ಡಾಕ್ಟರನ್ನು ಅವರದೇ ಮೈಕ್ರೋಸ್ಕೋಪಿನ ಮುಂದೆ ಕೂರಿಸಿದಳು. ಅವರು ಬಹಳ ಹೊತ್ತು ನೋಡಿ, “ಇದನ್ನ ಮೊದಲ ವಾರವೇ ಮಾಡಬೇಕಿತ್ತಲ್ಲಮ್ಮ,” ಎಂದರು. ಹೌದು ಎಂದಳು. ಇನ್ನೊಂದು ತಿಂಗಳು ಕೊಟ್ಟರು. ಸಂಜೆಯೊಳಗೆ ಟ್ಯಾಂಕಿನ ದೀಪ ಆರಿಸಿ, ಸುತ್ತಲೂ ಕಪ್ಪು ಬಟ್ಟೆ ಹೊದಿಸಿ ಪಿನ್ನು ಚುಚ್ಚಿದಳು.

ಶನಿವಾರ ಎಂಟು ಗಂಟೆಗೆ ಅಣ್ಣ ಬಂದ. ಎರಡು ಕೈಯಲ್ಲೂ ಮುಚ್ಚಳದ ಟಬ್ಬು, ಹೆಗಲಲ್ಲಿ ಬಲೆ. ಕಾಯುವ ಕೋಣೆ ತುಂಬಿತ್ತು. ಅವನ ಕಣ್ಣು ಕಪ್ಪು ಬಟ್ಟೆಯ ಮೇಲೆ ಬಿತ್ತು, ಕಾಲು ಅಲ್ಲೇ ನಿಂತಿತು.

“ಬಟ್ಟೆ ಯಾಕೆ?”

“ನೀನೇ ಹೇಳಣ್ಣ. ಯಾವ ರೋಗಕ್ಕೆ ಹೊದಿಸ್ತಾರೆ?”

ಅಣ್ಣ ಟಬ್ಬುಗಳನ್ನು ಕೆಳಗಿಟ್ಟ. ಉಪ್ಪಕ್ಕ ಮೂರು ಚೀಟಿಯನ್ನು ಒಂದರ ಪಕ್ಕ ಒಂದರಂತೆ ಟ್ಯಾಂಕಿನ ಅಂಚಿನ ಮೇಲೆ ಜೋಡಿಸಿದಳು. “ಅತ್ತಿಗೇನ ಬೈಬೇಡ. ಅವರಿಗೇನೂ ಗೊತ್ತಿಲ್ಲ. ನಿನ್ನ ಕಣ್ಣು ಮಂಜಾಗಿದೆ, ಪಾಪ, ತಿದ್ದೋಣ ಅಂತ ನಾನೇ ಡಬ್ಬ ತೆಗೆದೆ.”

ಹತ್ತಿ ಒತ್ತಿಕೊಂಡಿದ್ದ ಮುದುಕರೊಬ್ಬರು ಹತ್ತಿ ಬಿದ್ದದ್ದೂ ತಿಳಿಯದೆ ನೋಡುತ್ತಿದ್ದರು.

“ನಿನ್ನ ಒಳ್ಳೇದಕ್ಕೇ ಕಣೇ,” ಎಂದ ಅಣ್ಣ ತಗ್ಗಿದ ದನಿಯಲ್ಲಿ. “ಈ ವಯಸ್ಸಲ್ಲಿ ಬಕೆಟ್ ಹೊತ್ಕೊಂಡು ಊರೆಲ್ಲ ಅಲೀತೀಯ. ನಿನ್ನ ಸೊಂಟ ನೋಡಕ್ಕಾಗ್ತಿರಲಿಲ್ಲ ನನಗೆ.”

“ನನ್ನ ಸೊಂಟಾನಾ?” ಅವಳ ದನಿ ಏರಿತು. “ವಾರಕ್ಕೆ ಹನ್ನೆರಡು ಬಕೆಟ್ಟು, ಹದಿಮೂರು ವಾರ! ಬದಲಿಸಬಾರದು ಅಂತ ಚೀಟೀಲಿ ಬರೆದು, ಬದಲಿಸು ಬದಲಿಸು ಅಂತ ಬಾಯಲ್ಲಿ ಹೇಳ್ದೆಯಲ್ಲ. ಆಗ ನನ್ನ ಸೊಂಟ ನೆನಪಾಗಲಿಲ್ವಾ? ಸೀಗಡಿನ ಕರ್ಚೀಫಲ್ಲಿ ಸುತ್ಕೊಂಡು ಬಂದಿದ್ದೆ. ವಯಸ್ಸಾಗಿತ್ತು ಬಿಡು ಅಂದೆ. ನಾನು ತೊಳೆಯೋದೇ ಸರಿಯಿಲ್ಲ ಅಂದೆ. ನಾನೇ ಅಯೋಗ್ಯಳು ಅಂದ್ಕೊಂಡು ಮೂರು ತಿಂಗಳು ನನ್ನನ್ನ ನಾನೇ ಬೈಕೊಂಡೆ ಅಣ್ಣ.”

“ನನಗೆ ಒಬ್ಬನಿಗೇ ಆಗ್ತಿಲ್ಲ,” ಎಂದ ಅವನು. ಈಗ ಅವನ ದನಿಯಲ್ಲಿ ಬೇರೇನೂ ಉಳಿದಿರಲಿಲ್ಲ. “ನೀನಿಲ್ದೆ ಅಂಗಡಿ ಅಂಗಡಿ ಥರ ಇಲ್ಲ. ವಾಪಸ್ ಬರ್ತೀಯ ಅಂತ...”

“ಹಾಗಂತ ಹೇಳಬಹುದಿತ್ತಲ್ಲ.”

“ಹೇಳಿದ್ರೆ ಬರ್ತಿದ್ದೆಯಾ?”

“ಗೊತ್ತಿಲ್ಲ. ಐದು ವರ್ಷದಲ್ಲಿ ಒಂದೇ ಒಂದು ಸಲ ಬಾ ಅಂದಿದ್ರೆ ಗೊತ್ತಾಗ್ತಿತ್ತು. ನೀನು ಕರೀಲಿಲ್ಲ. ನಾನು ನಂಬಿ ತಂದ ನೀರನ್ನ ನೋಡಿ, ಅದರಲ್ಲೇ ನನ್ನನ್ನ ಮುಳುಗಿಸಕ್ಕೆ ಹೋದೆ.”

ಅಣ್ಣ ಟಬ್ಬು ಎತ್ತಿಕೊಂಡ. ಬಾಗಿಲ ಹತ್ತಿರ ಹೋಗಿ ತಿರುಗಿದ. “ಬಟ್ಟೆ ಮೂರು ದಿನ ತೆಗೀಬೇಡ. ಊಟ ಜಾಸ್ತಿ ಹಾಕು. ನೇರಳೆ ದೀಪ ಅಂಗಡೀಲಿದೆ, ಕಳಿಸ್ತೀನಿ.”

“ಬೇಡ. ಕೊಂಡ್ಕೊಳ್ತೀನಿ.”

ಅವನು ಹೇಳಿದ್ದೆಲ್ಲ ಸರಿಯಾಗಿಯೇ ಇತ್ತು. ಅವಳೂ ಅದನ್ನೇ ಮಾಡಬೇಕೆಂದಿದ್ದಳು. ಆದರೂ ಅವನು ಹೋದ ಮೇಲೆ ಅವನ ಒಂದೊಂದು ಮಾತನ್ನೂ ಸೂಜಿಯಮ್ಮನ ಹತ್ತಿರ ಹೇಳಿ, ಪುಸ್ತಕ ತೆಗೆಸಿ, ಹೌದಾ ಅಲ್ಲವಾ ಎಂದು ನೋಡಿಸಿದಳು. ಹೌದು ಎಂದು ಗೊತ್ತಾದ ಮೇಲೆಯೇ ಮೀನಿಗೆ ಊಟ ಹಾಕಿದಳು. ಕಪ್ಪು ಬಟ್ಟೆಯ ಒಳಗೆ ಕೈ ತೂರಿಸಿ ಹಾಕುವಾಗ ದೊಡ್ಡಮ್ಮ ಬಂದು ಬೆರಳನ್ನು ಕಚ್ಚಿದಳು.

ಮಂಗಳವಾರ ಬಟ್ಟೆ ತೆಗೆದಳು. ಸೂಜಿಯಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡಳು. ಎಳೆಗಳೆಲ್ಲ ಹರಿದು ಬಿದ್ದಿದ್ದವು. ಮರಳು ಅಲ್ಲಲ್ಲಿ ಮತ್ತೆ ಬಿಳಿಯಾಗಿತ್ತು. ಕಡಲಹೂವು ಮುದುಡಿತ್ತು, ಆದರೆ ಬದುಕಿತ್ತು. ದೊಡ್ಡಮ್ಮ ಗಂಡನನ್ನು ಹಿಂದಿಟ್ಟುಕೊಂಡು ಗಾಜಿನ ಹತ್ತಿರ ಬಂದು ಎಲ್ಲರನ್ನೂ ಗದರಿಸುವವಳಂತೆ ನೋಡಿದಳು. ಕಾಯುತ್ತಿದ್ದವರಲ್ಲಿ ಯಾರೋ ಚಪ್ಪಾಳೆ ತಟ್ಟಿದರು.

ಉಪ್ಪಕ್ಕ ಮರಳಿನಿಂದ ಸ್ವಲ್ಪ ಎಳೆದು ಬಾಟಲಿಗೆ ತುಂಬಿದಳು, ಮುಚ್ಚಳ ಹಾಕಿದಳು, ಸೆರಗಿನಲ್ಲಿ ಒರೆಸಿಕೊಂಡು ಹೊರಟಳು. ಎಷ್ಟು ಉಳಿದಿದೆಯೋ, ಅವನು ಏನೆನ್ನುತ್ತಾನೋ ಎಂದುಕೊಳ್ಳುತ್ತಾ ರಸ್ತೆ ದಾಟಿ ಬಸ್ ಸ್ಟಾಪಿನಲ್ಲಿ ನಿಂತಳು. ಬಸ್ಸು ಬಂತು. ಕಂಬಿ ಹಿಡಿದು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟಳು.

“ಹತ್ತೋದಾ, ಇಲ್ವಾ?” ಎಂದ ಕಂಡಕ್ಟರು.

ಆಗ ಅವಳಿಗೆ ನೆನಪಾಯಿತು. ಕಾಲು ಕೆಳಗಿಟ್ಟಳು. ಬಸ್ಸು ಹೋಯಿತು.

ವಾಪಸ್ ಬಂದಾಗ ಸೂಜಿಯಮ್ಮ ಕೇಳಿದಳು, “ಬಾಟಲಿ ಹಿಡ್ಕೊಂಡು ಎಲ್ಲಿಗೆ ಹೋಗಿದ್ರಿ ಅಕ್ಕಾ?”

“ಅಣ್ಣನಿಗೆ ತೋರಿಸೋಣ ಅಂತ,” ಎಂದಳು ಉಪ್ಪಕ್ಕ. ಹೇಳಿದ ಮೇಲೆ ಅಳು ಬಂತು. ಚೀಟಿ ಓದಿದಾಗ ಬಾರದ್ದು, ಅವನ ಮುಂದೆ ನಿಂತಾಗ ಬಾರದ್ದು, ಎಲ್ಲ ಸೇರಿ ಈಗ ಬಂತು. ಕಾಯುವ ಕೋಣೆಯವರ ಎದುರೇ ಜೋರಾಗಿ ಅತ್ತಳು. ಸೂಜಿಯಮ್ಮ ಅವಳ ಕೈಯಿಂದ ಬಾಟಲಿಯನ್ನು ಬಿಡಿಸಿಕೊಂಡು, ಒಂದು ಹನಿಯನ್ನು ಗಾಜಿನ ಮೇಲೆ ಇಟ್ಟಳು.